ಬೆನೆಡೆಟ್ಟೊ ಪಿಸ್ಟ್ರುಚ್ಚಿ

ಪಿಸ್ಟ್ರುಚ್ಚಿ, ಬೆನೆಡೆಟ್ಟೊ (1783-1855): ರೋಮಿನಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆನಿಂತ ಇಟಲಿಯ ರತ್ನಶಿಲ್ಪಿ, ಬ್ರಿಟನ್ನಿನ ರಾಜ ಟಂಕಸಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ನಾಣ್ಯ ಮತ್ತು ಪದಕಗಳ ಕೆತ್ತನೆಗಾರ. ಬ್ರಿಟನ್ನಿನ ಚಿನ್ನದ ಸವರನ್ನಿನ ಮೇಲೆ 1817ರಲ್ಲಿ ಮೊದಲು ಕಾಣಿಸಿಕೊಂಡ, ಕುದುರೆಯೇರಿ ಘಟಸರ್ಪವನ್ನು ಸಂಹರಿಸುತ್ತಿರುವ ಸಂತ ಜಾರ್ಜನ ಚಿತ್ರ ಈತನ ಕೈಯದು. ನಡುವೆ ಕೆಲವು ದಶಕ ಮರೆಯಾದರೂ ಆ ಚಿತ್ರ ಇಂದಿಗೂ ಅಚ್ಚಾಗುತ್ತಿದೆ. ಇಷ್ಟು ದೀರ್ಘಕಾಲ ಚಲಾವಣೆಯಲ್ಲಿ ಉಳಿದ ನಾಣ್ಯಚಿತ್ರಗಳು ಆಧುನಿಕ ಕಾಲದಲ್ಲಿ ತೀರ ವಿರಳ. ಅದನ್ನು ಕೆತ್ತಿದವನಿಗೆ ಮಾತ್ರ ಹೊರನಾಡಿನವನೆಂಬ ಒಂದೇ ಕಾರಣಕ್ಕೆ ಟಂಕಸಾಲೆಯ ಮುಖ್ಯ ಕೆತ್ತನೆಗಾರನ ಹುದ್ದೆ ಕೊನೆಯವರೆಗೂ ದಕ್ಕಲಿಲ್ಲ.

ರೋಮಿನ ದಿನಗಳು

ಪಿಸ್ಟ್ರುಚ್ಚಿ ಹುಟ್ಟಿದ್ದು 1783ರ ಮೇ ತಿಂಗಳಲ್ಲಿ. ತಂದೆ ಫೆಡೆರಿಕೊ ಪೋಪರ ಆಡಳಿತದ ಅಪರಾಧ ನ್ಯಾಯಾಲಯದಲ್ಲಿ ಹಿರಿಯ ನ್ಯಾಯಾಧೀಶ; ತಾಯಿ ಆಂಟೊನಿಯ ಗ್ರೇಕೊ. ಅಣ್ಣ ಫಿಲಿಪ್ಪೊ ಮುಂದೆ ಚಿತ್ರಕಾರನೂ ಆಶುಕವಿಯೂ ಆಗಿ ಹೆಸರು ಮಾಡಿದ. ನೆಪೋಲಿಯನ್ನನ ಸೈನ್ಯ 1796ರಲ್ಲಿ ಇಟಲಿಗೆ ನುಗ್ಗಿದಾಗ ಈ ಕುಟುಂಬಕ್ಕೆ ಆಪತ್ತು ಬಂತು. ಫ್ರೆಂಚರ ಪರವಾಗಿದ್ದವರನ್ನು ಫೆಡೆರಿಕೊ ವಿಚಾರಣೆಗೆ ಗುರಿಪಡಿಸಿದ್ದರಿಂದ ಅವನು ತಲೆಮರೆಸಿಕೊಳ್ಳಬೇಕಾಯಿತು. ಮನೆಯವರು ಊರಿಂದೂರಿಗೆ ಅಲೆದರು, ಮಕ್ಕಳ ಓದು ನಿಂತುಹೋಯಿತು. ಬೆನೆಡೆಟ್ಟೊಗಾದರೋ ಲ್ಯಾಟಿನ್ ಪಾಠ ಎಂದೂ ಹಿಡಿಸಿರಲಿಲ್ಲ. ಕೈಗೆ ಸಿಕ್ಕಿದ ಮಣ್ಣು, ಮರ, ಕಲ್ಲಿನಲ್ಲಿ ಏನನ್ನಾದರೂ ಮಾಡುತ್ತ ಕೂರುವುದೇ ಅವನಿಗೆ ಇಷ್ಟ.

ಅವನನ್ನು ಕ್ಯಾಮಿಯೊ ಕೆತ್ತನೆಯ ಕಸುಬಿಗೆ ಹಚ್ಚಲಾಯಿತು. ಬಣ್ಣಬಣ್ಣದ ಪದರಗಳಿರುವ ಗಟ್ಟಿ ಕಲ್ಲನ್ನು ಆರಿಸಿ, ಮೇಲಿನ ಪದರದಲ್ಲಿ ಆಕೃತಿಯನ್ನು ಉಬ್ಬಿಸಿ, ಕೆಳಗಿನ ಪದರವನ್ನು ಹಿನ್ನೆಲೆಯಾಗಿ ಉಳಿಸುವ ಕಲೆ ಇದು. ಅಗೇಟಿನ ಜಾತಿಯ ಈ ಕಲ್ಲುಗಳ ಮೇಲೆ ಉಕ್ಕಿನ ಉಳಿ ಓಡುವುದಿಲ್ಲ. ಎಣ್ಣೆಯಲ್ಲಿ ಕಲಸಿದ ವಜ್ರದ ಪುಡಿಯನ್ನು ತಿರುಗುವ ಸಣ್ಣ ಚಕ್ರಗಳಿಗೆ ಹಚ್ಚಿ ಕಲ್ಲನ್ನು ಕೂದಲೆಳೆಯಷ್ಟೇ ಸವೆಸುತ್ತ ಹೋಗಬೇಕು. ಒಮ್ಮೆ ಹೆಚ್ಚು ಸವೆದರೆ ತುಂಬಿಕೊಡಲು ದಾರಿಯಿಲ್ಲ. ಹದಿಹರೆಯದಲ್ಲೇ ಈ ಕಸುಬು ಅವನಿಗೆ ಕರಗತವಾಯಿತು. ಅಂಗಡಿಯಲ್ಲಿ ಜೊತೆಗೆ ಕಲಿಯುತ್ತಿದ್ದ ಒಬ್ಬ ಹೊಟ್ಟೆಗೆ ಚೂರಿ ಹಾಕಿದ್ದರಿಂದ ಹಾಸಿಗೆ ಹಿಡಿದಿದ್ದಾಗ ಮೇಣದಲ್ಲಿ ಮಾದರಿ ಮಾಡುವುದನ್ನು ಕಲಿತನಂತೆ. ಆಗಿನ ರೋಮಿನಲ್ಲಿ ಹೆಸರುವಾಸಿಯಾಗಿದ್ದ ನಿಕೊಲೊ ಮೊರೆಲ್ಲಿಯ ಬಳಿ ಕೆಲವು ಕಾಲ ಇದ್ದು, ಕಾಪಿಟೋಲಿನ ಕಲಾಶಾಲೆಯಲ್ಲಿ 1800ರಲ್ಲಿ ಶಿಲ್ಪಕ್ಕೆ ಮೊದಲ ಬಹುಮಾನ ಪಡೆದ. ಗುರು ತನ್ನಿಂದ ದುಡಿಸಿಕೊಳ್ಳುವುದೇ ಹೆಚ್ಚು, ಕಲಿಸುವುದು ಕಡಿಮೆ ಎನಿಸಿ ಜಗಳವಾಡಿ ಹೊರಬಿದ್ದು ಸ್ವಂತವಾಗಿ ಕೆಲಸ ಆರಂಭಿಸಿದ. ಬಾರ್ಬರಾ ಫೋಲ್ಕಿಯನ್ನು 1802ರಲ್ಲಿ ಮದುವೆಯಾದ.

ಈ ಬಾಲ್ಯದ ವಿವರಗಳು ಬಹುಪಾಲು ಬಂದಿರುವುದು ಅವನೇ ಇಟಾಲಿಯನ್ನಿನಲ್ಲಿ ಹೇಳಿಕೊಂಡ ಆತ್ಮಕಥನದಿಂದ. ಆರ್ಚಿಬಾಲ್ಡ್ ಬಿಲ್ಲಿಂಗ್ ಎಂಬ ಲಂಡನ್ನಿನ ವೈದ್ಯ ಅದನ್ನು ಇಂಗ್ಲಿಷಿಗೆ ತಂದು, ರತ್ನಗಳು ಮತ್ತು ನಾಣ್ಯಗಳ ಬಗೆಗಿನ ತನ್ನ 1867ರ ಪುಸ್ತಕದಲ್ಲಿ ಸೇರಿಸಿದ. ಪಿಸ್ಟ್ರುಚ್ಚಿಗೆ ತನ್ನ ಬಗ್ಗೆ ಅಭಿಮಾನ ಹೆಚ್ಚು. ಎದುರಾಳಿಗಳ ಪಕ್ಷವೇನೆಂಬುದು ಆ ಬರಹದಲ್ಲಿ ಸಿಗುವುದಿಲ್ಲ. ಆದರೂ ಒಬ್ಬ ಕಸುಬುದಾರ ತನ್ನ ಕಲಿಕೆ, ಕೂಲಿ, ಅವಮಾನಗಳನ್ನು ಇಷ್ಟು ಬಿಚ್ಚಿ ಹೇಳಿರುವುದು ಆ ಕಾಲದಲ್ಲಿ ಅಪರೂಪ. ನಾಣ್ಯ ಕೆತ್ತುವವರಲ್ಲಿ ಹೆಚ್ಚಿನವರ ಬದುಕು ಸರಕಾರದ ಲೆಕ್ಕಪುಸ್ತಕಗಳಾಚೆ ಎಲ್ಲಿಯೂ ದಾಖಲಾಗಿಲ್ಲ.

ಪ್ರಾಚೀನ ಗ್ರೀಕ್ ಮತ್ತು ರೋಮನ್ ಕೆತ್ತನೆಕಲ್ಲುಗಳಿಗೆ ಆಗ ಯುರೋಪಿನ ಶ್ರೀಮಂತರಲ್ಲಿ ವಿಪರೀತ ಬೇಡಿಕೆಯಿತ್ತು. ಬೇಡಿಕೆಯಷ್ಟು ಹಳೆಯ ಕಲ್ಲು ಸಿಗದಿದ್ದಾಗ ವ್ಯಾಪಾರಿಗಳು ಹೊಸದನ್ನೇ ಹಳೆಯದೆಂದು ಮಾರುತ್ತಿದ್ದರು. ಪಿಸ್ಟ್ರುಚ್ಚಿಗೆ ಕೆಲಸ ಕೊಡುತ್ತಿದ್ದ ಬೊನೆಲ್ಲಿ ಎಂಬಾತ ಇಂಥ ವ್ಯಾಪಾರಿ. ತನ್ನ ಕೆಲಸ ಹೀಗೆ ಅನಾಮಧೇಯವಾಗಿ ಮಾರಾಟವಾಗುವುದು ತಿಳಿದ ಮೇಲೆ ಪಿಸ್ಟ್ರುಚ್ಚಿ ಪ್ರತಿ ಕಲ್ಲಿನಲ್ಲೂ ಮೇಲ್ನೋಟಕ್ಕೆ ಕಾಣದ ಒಂದು ಗುಟ್ಟಿನ ಗುರುತು ಇಡತೊಡಗಿದ. ಮುಂದಿನ ಅವನ ಬದುಕಿನ ಎಲ್ಲ ಜಗಳಗಳ ಬೇರೂ ಈ ಗುರುತಿನಲ್ಲೇ ಇದೆ ಎನ್ನಬಹುದು. ತನ್ನ ಕೈಯ ಕೆಲಸ ತನ್ನದೆಂದು ಗೊತ್ತಾಗಬೇಕು. ಇನ್ನೊಬ್ಬನ ಕೆಲಸವನ್ನು ತಾನು ನಕಲು ಮಾಡಬಾರದು. ಈ ಎರಡು ಹಟಗಳನ್ನು ಅವನು ಸಾಯುವವರೆಗೂ ಬಿಡಲಿಲ್ಲ.

ನೆಪೋಲಿಯನ್ನನ ತಂಗಿಯರು ಇಟಲಿಯಲ್ಲಿ ಆಡಳಿತ ನಡೆಸುತ್ತಿದ್ದ ಕಾಲಕ್ಕೆ ಪಿಸ್ಟ್ರುಚ್ಚಿ ಅವರಿಗೂ ಕೆಲಸ ಮಾಡಿಕೊಟ್ಟ. ಸಾಮ್ರಾಜ್ಯ ಕುಸಿದ ಮೇಲೆ ರೋಮಿನಲ್ಲಿ ಗಿರಾಕಿಗಳು ಕಡಿಮೆಯಾದರು. ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು 1814ರ ಕೊನೆಯಲ್ಲಿ ಪ್ಯಾರಿಸಿಗೆ ಬಂದ. ಎಲ್ಬಾ ದ್ವೀಪದಿಂದ ನೆಪೋಲಿಯನ್ ಮರಳಿ ಬಂದಾಗ ಅವನು ಅಲ್ಲೇ ಇದ್ದ. ಚಕ್ರವರ್ತಿಯನ್ನು ಕಣ್ಣಾರೆ ನೋಡಿ ಮೇಣದಲ್ಲಿ ಅವನ ಮುಖವನ್ನು ಮೂಡಿಸಿದ. ತಂದೆಯನ್ನು ಬೇಟೆಯಾಡಿಸಿದವನ ಮುಖವನ್ನು ಮಗ ಹೀಗೆ ಹತ್ತಿರದಿಂದ ಅಭ್ಯಾಸ ಮಾಡಿದ, ಮುಂದೆ ಅದೇ ನೆಪೋಲಿಯನ್ನನ ಸೋಲನ್ನು ಸಾರುವ ಪದಕಕ್ಕೆ ತನ್ನ ಬದುಕಿನ ಮೂವತ್ತು ವರ್ಷ ಕೊಟ್ಟ.

ಲಂಡನ್ನಿಗೆ ಬಂದದ್ದು

ಪಿಸ್ಟ್ರುಚ್ಚಿ 1815ರ ಕೊನೆಯ ದಿನಗಳಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಕಾಲಿಟ್ಟ. ಅಲ್ಲಿ ಮೊದಲು ಕೈಹಿಡಿದವನು ರಾಯಲ್ ಸೊಸೈಟಿಯ ಅಧ್ಯಕ್ಷ, ಸಸ್ಯವಿಜ್ಞಾನಿ ಸರ್ ಜೋಸೆಫ್ ಬ್ಯಾಂಕ್ಸ್. ಅವನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ನಾಣ್ಯ ಮತ್ತು ಪದಕಗಳ ದೊಡ್ಡ ಸಂಗ್ರಾಹಕಿ. ಒಂದು ದಿನ ಬ್ಯಾಂಕ್ಸನ ಮನೆಯಲ್ಲಿ ಅವನ ಮುಖವನ್ನು ಪಿಸ್ಟ್ರುಚ್ಚಿ ಮೇಣದಲ್ಲಿ ಮೂಡಿಸುತ್ತಿದ್ದಾಗ ರಿಚರ್ಡ್ ಪೇನ್ ನೈಟ್ ಎಂಬ ವಿದ್ವಾಂಸ ಬಂದ. ಪ್ರಾಚೀನ ಕಲೆಯ ವಿಷಯದಲ್ಲಿ ಇವನ ಮಾತೇ ಕೊನೆಯ ಮಾತೆಂದು ಲಂಡನ್ನಿನ ಶ್ರೀಮಂತ ವಲಯ ನಂಬಿತ್ತು. ತಾನು ಕೊಂಡಿದ್ದ ಫ್ಲೋರಾ ದೇವತೆಯ ತಲೆಯ ತುಂಡು ಕ್ಯಾಮಿಯೊವನ್ನು ನೈಟ್ ಹೊರತೆಗೆದು, ಗ್ರೀಕರ ಕಾಲದ ಇಂಥ ಕೆಲಸ ಇನ್ನೊಂದಿಲ್ಲವೆಂದು ಬಣ್ಣಿಸಿದ. ಪಿಸ್ಟ್ರುಚ್ಚಿ ಅದನ್ನು ನೋಡಿ, ಇದು ಬೊನೆಲ್ಲಿಗಾಗಿ ತಾನೇ ಕೆತ್ತಿದ್ದು ಎಂದ. ತನಗೆ ಸಿಕ್ಕಿದ್ದು ಅಲ್ಪ ಕೂಲಿಯೆಂದೂ ಹೇಳಿದ. ಗುಟ್ಟಿನ ಗುರುತನ್ನು ತೋರಿಸಿದ. ಅಷ್ಟಕ್ಕೂ ನೈಟ್ ಒಪ್ಪದಿದ್ದಾಗ ಅಂಥದೇ ಇನ್ನೊಂದು ಫ್ಲೋರಾವನ್ನು ಕೆತ್ತಿಕೊಟ್ಟ.

ಊರೆಲ್ಲ ಇದರ ಮಾತಾಯಿತು. ನೈಟ್ ಮಾತ್ರ ತನ್ನ ಅಭಿಪ್ರಾಯ ಬದಲಿಸಲಿಲ್ಲ. 1824ರಲ್ಲಿ ಅವನು ತೀರಿಕೊಂಡಾಗ ಫ್ಲೋರಾ ಸೇರಿದಂತೆ ಇಡೀ ಸಂಗ್ರಹ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಯಿತು. ಇಂದು ಅಲ್ಲಿ ಆ ಕಲ್ಲು ಇರುವುದು ಪಿಸ್ಟ್ರುಚ್ಚಿಯ ಕೃತಿಯೆಂದೇ. ಹಣವಿಲ್ಲದ, ಇಂಗ್ಲಿಷ್ ಬಾರದ ಹೊರನಾಡಿನ ಕಸುಬುದಾರನೊಬ್ಬ ಊರಿಗೆ ಬಂದ ಹೊಸತರಲ್ಲೇ ಆ ಊರಿನ ಅತಿ ದೊಡ್ಡ ಕಲಾಪಂಡಿತನ ಎದುರು ಹೀಗೆ ನಿಂತದ್ದು ಸಣ್ಣ ಧೈರ್ಯವಲ್ಲ. ಗಿರಾಕಿಗಳು ಸಿಕ್ಕಿದರು. ಅದರ ಜೊತೆಗೇ ಈತ ಸುಲಭದ ಆಸಾಮಿಯಲ್ಲ ಎಂಬ ಹೆಸರೂ ಅಂಟಿಕೊಂಡಿತು.

ಹೊಸ ನಾಣ್ಯ, ಹೊಸ ಚಿತ್ರ

ಪಿಸ್ಟ್ರುಚ್ಚಿ ಬಂದ ಹೊತ್ತು ಬ್ರಿಟನ್ನಿನ ನಾಣ್ಯಪದ್ಧತಿ ಪೂರ್ತಿ ಹದಗೆಟ್ಟಿತ್ತು. ಯುದ್ಧದ ಒತ್ತಡದಲ್ಲಿ 1797ರಿಂದ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟುಗಳಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು. ಬೆಳ್ಳಿ ನಾಣ್ಯಗಳು ಸವೆದು ಬರಿಯ ಬಿಲ್ಲೆಗಳಾಗಿದ್ದವು. ಹಳೆಯದನ್ನೆಲ್ಲ ಹಿಂದಕ್ಕೆ ಪಡೆದು ಹೊಸದಾಗಿ ಅಚ್ಚು ಹಾಕುವ ದೊಡ್ಡ ಕೆಲಸಕ್ಕೆ 1816ರ ಕಾಯ್ದೆ ದಾರಿ ಮಾಡಿತು; ಚಿನ್ನವೇ ಹಣದ ಅಳತೆಗೋಲೆಂದು ಅದೇ ಕಾಯ್ದೆ ಗೊತ್ತುಮಾಡಿತು. ಲಂಡನ್ ಗೋಪುರದ ಒಳಗಿದ್ದ ಟಂಕಸಾಲೆ ಅಷ್ಟರಲ್ಲಿ ಎದುರಿನ ಟವರ್ ಹಿಲ್ಲಿನ ಹೊಸ ಕಟ್ಟಡಕ್ಕೆ ಬಂದು, ಬೋಲ್ಟನ್ ಮತ್ತು ವಾಟ್ ಅವರ ಉಗಿಯಂತ್ರಗಳು ಅಲ್ಲಿ ಅಚ್ಚೊತ್ತುತ್ತಿದ್ದವು. ಟಂಕಸಾಲೆಯ ಅಧಿಪತಿಯಾಗಿದ್ದ ವಿಲಿಯಂ ವೆಲ್ಲೆಸ್ಲಿ ಪೋಲ್, ವೆಲಿಂಗ್ಟನ್ ಡ್ಯೂಕನ ಅಣ್ಣ.

ಮೂರನೆಯ ಜಾರ್ಜ್ ದೊರೆಯ ಮುಖವನ್ನು ಪಿಸ್ಟ್ರುಚ್ಚಿ ಕೆಂಪು ಜಾಸ್ಪರ್ ಕಲ್ಲಿನಲ್ಲಿ ಕೆತ್ತಿದ್ದ. ಬ್ಯಾಂಕ್ಸ್ ಅದನ್ನು 50 ಗಿನಿಗೆ ಕೊಂಡು ಪೋಲನಿಗೆ ತೋರಿಸಿದ. ಹೊಸ ನಾಣ್ಯಗಳಿಗೆ ಕಲ್ಲಿನಲ್ಲಿ ಮಾದರಿ ಮಾಡಿಕೊಡುವ ಕೆಲಸ ಪಿಸ್ಟ್ರುಚ್ಚಿಗೆ ಸಿಕ್ಕಿತು. ಆ ಕಲ್ಲನ್ನು ನೋಡಿ ಉಕ್ಕಿನ ಅಚ್ಚನ್ನು ಕೆತ್ತಬೇಕಾದವನು ಮುಖ್ಯ ಕೆತ್ತನೆಗಾರ, ಯುವಕ ಥಾಮಸ್ ವಯಾನ್. ಮಾದರಿ ಮಾಡುವ ಕೈ ಒಂದು, ಅಚ್ಚು ಕೆತ್ತುವ ಕೈ ಇನ್ನೊಂದು. 1816ರ ಅರ್ಧ ಕ್ರೌನ್ ಎಂಬ ಬೆಳ್ಳಿ ನಾಣ್ಯ ಹೊರಬಿದ್ದಾಗ ದೊರೆಯ ಕತ್ತು ಗೂಳಿಯ ಕತ್ತಿನಂತೆ ದಪ್ಪವಾಗಿ ಕಂಡು ಜನ ನಕ್ಕರು. ಸಂಗ್ರಾಹಕರು ಇಂದಿಗೂ ಅದನ್ನು ಗೂಳಿತಲೆಯ ನಾಣ್ಯವೆಂದೇ ಕರೆಯುತ್ತಾರೆ. ಕಲ್ಲಿನಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿರುವುದು ಉಕ್ಕಿಗೆ ಬರುವಾಗ ಉಳಿಯಬೇಕಾದರೆ ಎರಡೂ ಒಂದೇ ಕೈಯಿಂದ ಆಗಬೇಕೆಂದು ಪಿಸ್ಟ್ರುಚ್ಚಿಗೆ ಮನವರಿಕೆಯಾಯಿತು. ಮೂವತ್ತು ದಾಟಿದ ಮೇಲೆ ಉಕ್ಕು ಕೆತ್ತುವ ಹೊಸ ವಿದ್ಯೆಯನ್ನು ಅವನು ಕಲಿತದ್ದು ಹೀಗೆ.

ಇಪ್ಪತ್ತೊಂದು ಶಿಲ್ಲಿಂಗಿನ ಹಳೆಯ ಗಿನಿಯ ಬದಲು ಸರಿಯಾಗಿ ಇಪ್ಪತ್ತು ಶಿಲ್ಲಿಂಗ್ ಬೆಲೆಯ ಹೊಸ ಚಿನ್ನದ ನಾಣ್ಯ, ಸವರನ್, 1817ರಲ್ಲಿ ಬಂತು. ತೂಕ ಸುಮಾರು 7.99 ಗ್ರಾಂ, 22 ಕ್ಯಾರೆಟ್ ಚಿನ್ನ, ಅಡ್ಡಳತೆ 22 ಮಿಲಿಮೀಟರಿಗೆ ತುಸು ಹೆಚ್ಚು. ಇದರ ಹಿಂಬದಿಗೆ ಎಂದಿನಂತೆ ರಾಜಲಾಂಛನದ ಗುರಾಣಿ ಹಾಕುವ ಬದಲು ಇಂಗ್ಲೆಂಡಿನ ಪಾಲಕ ಸಂತ ಜಾರ್ಜನನ್ನು ಹಾಕೋಣವೆಂದು ಪಿಸ್ಟ್ರುಚ್ಚಿ ಸೂಚಿಸಿದ. ಅರ್ಲ್ ಸ್ಪೆನ್ಸರನ ಹೆಂಡತಿ ತನ್ನ ಗಂಡನ ಗಾರ್ಟರ್ ಎಂಬ ರಾಜಗೌರವದ ಪದವಿಯ ಆಭರಣಕ್ಕಾಗಿ ಇದೇ ವಸ್ತುವನ್ನು ಗ್ರೀಕರ ಶೈಲಿಯಲ್ಲಿ ಮಾಡಿಕೊಡುವಂತೆ ಅವನನ್ನು ಕೇಳಿದ್ದಳು. ಅಲ್ಲಿಂದ ಈ ಯೋಚನೆ ಹೊಳೆದದ್ದು. ನಾಣ್ಯಕ್ಕಾಗಿ ಜಾಸ್ಪರಿನಲ್ಲಿ ಕೆತ್ತಿದ ಮಾದರಿಗೆ ಅವನಿಗೆ 100 ಗಿನಿ ಸಿಕ್ಕಿತು. ಲೀಸ್ಟರ್ ಸ್ಕ್ವೇರಿನಲ್ಲಿ ಅವನು ಇಳಿದುಕೊಂಡಿದ್ದ ಹೋಟೆಲಿನ ಇಟಾಲಿಯನ್ ಮಾಣಿಯೊಬ್ಬ ಸಂತನ ತಲೆಗೆ ಮಾದರಿಯಾಗಿ ನಿಂತಿದ್ದನೆಂಬ ಕತೆಯಿದೆ.

ಆ ಚಿತ್ರವನ್ನು ಸ್ವಲ್ಪ ನಿಂತು ನೋಡಬೇಕು. ಚರ್ಚಿನ ಚಿತ್ರಗಳಲ್ಲಿ ಕಾಣುವ, ಮೈತುಂಬ ಕವಚ ತೊಟ್ಟ ಮಧ್ಯಯುಗದ ಸರದಾರ ಇಲ್ಲಿಲ್ಲ. ತಲೆಗೆ ಶಿರಸ್ತ್ರಾಣ, ಬೆನ್ನ ಹಿಂದೆ ಗಾಳಿಗೆ ಹಾರುವ ಮೇಲಂಗಿ, ಉಳಿದಂತೆ ಬಹುಮಟ್ಟಿಗೆ ಬರಿಮೈ. ಹಿಂಗಾಲ ಮೇಲೆ ಎದ್ದ ಕುದುರೆಯ ಕೆಳಗೆ ರೆಕ್ಕೆಯ ಘಟಸರ್ಪ ಸುತ್ತಿಕೊಂಡು ಬಿದ್ದಿದೆ. ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿದ್ದು 1816ರಲ್ಲಿ. ಅಲ್ಲಿನ ಕುದುರೆ ಸವಾರರ ನೆರಳು ಇಲ್ಲಿ ಬಿದ್ದಿದೆಯೆಂದು ಹಲವರು ಗುರುತಿಸಿದ್ದಾರೆ. ಇಷ್ಟೆಲ್ಲ ಚಲನೆಯನ್ನು ಅವನು ಬೆರಳುಗುರಿನಷ್ಟೇ ಹರವಿನ ದುಂಡು ಜಾಗದಲ್ಲಿ ಕೂರಿಸಿದ್ದಾನೆ. ಕುದುರೆಯ ಎದೆ, ಸವಾರನ ತೋಳು, ಸರ್ಪದ ರೆಕ್ಕೆ, ಮೇಲಂಗಿಯ ಮಡಿಕೆ ಎಲ್ಲವೂ ಅಂಚಿನ ದುಂಡನ್ನೇ ಅನುಸರಿಸಿ ಬಾಗುತ್ತವೆ. ಎಲ್ಲಿಯೂ ಖಾಲಿ ಬಿದ್ದಂತೆ ಕಾಣುವುದಿಲ್ಲ, ಎಲ್ಲಿಯೂ ಇಕ್ಕಟ್ಟಾಗಿಲ್ಲ. ಅಂಗುಲದಷ್ಟು ಕಲ್ಲಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನಿಗೆ ಮಾತ್ರ ಬರುವ ಅಳತೆಯಿದು. ದೊಡ್ಡ ಶಿಲ್ಪಿಯ ಮಾದರಿಯನ್ನು ಕುಗ್ಗಿಸಿ ನಾಣ್ಯಕ್ಕೆ ಇಳಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಮೊದಲ ಸವರನ್ನಿನಲ್ಲಿ ಸಂತನ ಕೈಯಲ್ಲಿದ್ದದ್ದು ಮುರಿದ ಈಟಿ. ಸುತ್ತ ಗಾರ್ಟರ್ ಪದವಿಯ ಪಟ್ಟಿ. 1821ರಲ್ಲಿ ಪಿಸ್ಟ್ರುಚ್ಚಿ ಪಟ್ಟಿಯನ್ನು ತೆಗೆದು, ಕೈಗೆ ಕತ್ತಿ ಕೊಟ್ಟು, ಚಿತ್ರವನ್ನು ತಿದ್ದಿದ. ಈಗ ಕಾಣುವುದು ಈ ತಿದ್ದಿದ ರೂಪ.

1818ರ ಬೆಳ್ಳಿಯ ಕ್ರೌನ್ ಮೇಲೂ ಇದೇ ಸಂತ ಜಾರ್ಜ್ ಬಂದ. ಅದರಲ್ಲಿ ಒಂದು ಹೊಸತನವಿತ್ತು. ಕೆತ್ತನೆಗಾರರು ಸಾಮಾನ್ಯವಾಗಿ ಒಂದೆರಡು ಅಕ್ಷರಗಳಲ್ಲಿ, ಭೂತಗನ್ನಡಿಯಲ್ಲಿ ಮಾತ್ರ ಕಾಣುವಂತೆ ತಮ್ಮ ಸಹಿ ಹಾಕುತ್ತಿದ್ದರು. ಪಿಸ್ಟ್ರುಚ್ಚಿ ತನ್ನ ಹೆಸರನ್ನು ಪೂರ್ತಿಯಾಗಿ, ದೊರೆಯ ಮುಖದ ಕೆಳಗೊಮ್ಮೆ, ಸಂತನ ಕಾಲಡಿ ಮತ್ತೊಮ್ಮೆ ಕೆತ್ತಿದ. ರಾಜಮುದ್ರೆಯ ನಾಣ್ಯದ ಮೇಲೆ ಪರದೇಶದವನ ಹೆಸರು ಎರಡು ಸಲ! ಪತ್ರಿಕೆಗಳು ಕೆರಳಿದವು. ರೋಮಿನಲ್ಲಿ ಗುಟ್ಟಿನ ಗುರುತು ಇಡುತ್ತಿದ್ದವನು ಲಂಡನ್ನಿನಲ್ಲಿ ಅದನ್ನು ಬಹಿರಂಗಕ್ಕೆ ತಂದಿದ್ದ, ಅಷ್ಟೆ.

ಖಾಲಿ ಉಳಿದ ಹುದ್ದೆ

ಥಾಮಸ್ ವಯಾನ್ 1817ರ ಸೆಪ್ಟೆಂಬರಿನಲ್ಲಿ, ಇಪ್ಪತ್ತೈದರ ಪ್ರಾಯದಲ್ಲೇ ತೀರಿಕೊಂಡ. ಮುಖ್ಯ ಕೆತ್ತನೆಗಾರನ ಹುದ್ದೆಯನ್ನು ಪೋಲ್ ಪಿಸ್ಟ್ರುಚ್ಚಿಗೆ ಕೊಡುವುದಾಗಿ ಮಾತು ಕೊಟ್ಟ. ಆದರೆ ಹೊರನಾಡಿನವರು ಸರಕಾರಿ ಅಧಿಕಾರ ಹಿಡಿಯುವಂತಿಲ್ಲವೆಂದು ಮೂರನೆಯ ವಿಲಿಯಂ ದೊರೆಯ ಕಾಲದ ಕಾಯ್ದೆಯೊಂದು ಅಡ್ಡ ಬಂತು. ಪೋಲ್ ಒಂದು ಮಧ್ಯದಾರಿ ಹುಡುಕಿದ. ಹುದ್ದೆಯನ್ನು ಖಾಲಿಯಾಗಿಯೇ ಬಿಟ್ಟು, ಅದರ ಕೆಲಸವನ್ನೂ 500 ಪೌಂಡ್ ವಾರ್ಷಿಕ ಸಂಬಳವನ್ನೂ ಟಂಕಸಾಲೆಯ ಆವರಣದ ಮನೆಯನ್ನೂ ಪಿಸ್ಟ್ರುಚ್ಚಿಗೆ ಕೊಟ್ಟ. ಕೆಲಸ, ಸಂಬಳ, ಸೂರು ಎಲ್ಲ ಇದೆ, ಪದವಿ ಮಾತ್ರ ಇಲ್ಲ. ಈ ಏರ್ಪಾಟು ಹತ್ತು ವರ್ಷ ನಡೆಯಿತು, ಎರಡೂ ಕಡೆ ಕಹಿಯನ್ನು ಬೆಳೆಸಿತು.

ಇಂಗ್ಲೆಂಡಿನ ನಾಣ್ಯದ ಚರಿತ್ರೆಯಲ್ಲಿ ಹೊರನಾಡಿನ ಕೈಗಳು ಹೊಸತೇನಲ್ಲ. ಮೊದಲನೆಯ ಚಾರ್ಲ್ಸನ ಕಾಲದಲ್ಲಿ ಫ್ರಾನ್ಸಿನ ನಿಕೊಲಾ ಬ್ರಿಯೊ ಬಂದಿದ್ದ. ಎರಡನೆಯ ಚಾರ್ಲ್ಸನ ಕಾಲದಲ್ಲಿ ಆಂಟ್‌ವರ್ಪಿನ ರೋಟಿಯರ್ ಸೋದರರು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಯೋಹಾನ್ ಟ್ಯಾನರ್ ಮುಖ್ಯ ಕೆತ್ತನೆಗಾರನೇ ಆಗಿದ್ದ. ಪಿಸ್ಟ್ರುಚ್ಚಿಯ ಜೊತೆಗೇ ದುಡಿದ ಮೆರ್ಲೆನ್ ಕೂಡ ಹೊರಗಿನವನು. ಬರ್ಮಿಂಗ್‌ಹ್ಯಾಮಿನ ಬಳಿ ಮ್ಯಾಥ್ಯೂ ಬೋಲ್ಟನ್ ಸ್ಥಾಪಿಸಿದ್ದ ಸೋಹೊ ಟಂಕಸಾಲೆಗೆ ಯುರೋಪಿನಿಂದ 1790ರ ದಶಕದಲ್ಲಿ ಬಂದ ಕಾನ್ರಾಡ್ ಹೈನ್ರಿಚ್ ಕೂಕ್ಲರನ ಕೆಲಸ ಕರ್ನಾಟಕದ ಚರಿತ್ರೆಗೂ ತಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಮೇಲೆ ಆ ಯುದ್ಧದಲ್ಲಿದ್ದವರಿಗೆ ಈಸ್ಟ್ ಇಂಡಿಯಾ ಕಂಪನಿ ಕೊಟ್ಟ ಪದಕವನ್ನು ಕೆತ್ತಿದವನು ಇವನೇ. ಒಂದು ಬದಿಯಲ್ಲಿ ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ನಿಂತಿದೆ. ಇನ್ನೊಂದರಲ್ಲಿ ಕೋಟೆಯ ಮೇಲಿನ ಲಗ್ಗೆ. ದರ್ಜೆಗೆ ತಕ್ಕಂತೆ ಚಿನ್ನ, ಬೆಳ್ಳಿ, ಕಂಚು, ತವರಗಳಲ್ಲಿ ಅದು ಅಚ್ಚಾಯಿತು. ಕನ್ನಡ ನೆಲದಲ್ಲಿ ನಡೆದ ಯುದ್ಧದ ಈ ಚಿತ್ರವನ್ನು ಬರೆದವನು ಇಂಗ್ಲಿಷರವನೂ ಅಲ್ಲ, ಶ್ರೀರಂಗಪಟ್ಟಣವನ್ನು ಕಂಡವನೂ ಅಲ್ಲ. ವಿಜಯದ ಪದಕಗಳನ್ನು ಓದುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಪಿಸ್ಟ್ರುಚ್ಚಿಗೆ ಎದುರಾಳಿಯಾಗಿ ಬೆಳೆದವನು ಥಾಮಸನ ಸಂಬಂಧಿ ವಿಲಿಯಂ ವಯಾನ್. ಟಂಕಸಾಲೆಯ ಎರಡನೆಯ ಕೆತ್ತನೆಗಾರನಾಗಿದ್ದ ಇವನೂ ಅಸಾಧಾರಣ ಪ್ರತಿಭಾವಂತ. ಪತ್ರಿಕೆಗಳ ಲೆಕ್ಕದಲ್ಲಿ ಇದು ಸ್ವದೇಶಿ ಮತ್ತು ಪರದೇಶಿಗಳ ಪೈಪೋಟಿ. ಆದರೆ ವಯಾನ್ ಮನೆತನವೂ ಕೆಲವೇ ತಲೆಮಾರು ಹಿಂದೆ ಜರ್ಮನಿಯ ಕಲೋನ್ ನಗರದಿಂದ ಇಂಗ್ಲೆಂಡಿಗೆ ಬಂದ ಬೆಳ್ಳಿಗೆಲಸದವರದು. ಕಾಲ ಸರಿದಂತೆ ಒಬ್ಬರ ವಲಸೆ ಮರೆತುಹೋಯಿತು, ಇನ್ನೊಬ್ಬನದು ಹಣೆಪಟ್ಟಿಯಾಯಿತು.

ನಾಲ್ಕನೆಯ ಜಾರ್ಜ್ 1820ರಲ್ಲಿ ಪಟ್ಟಕ್ಕೆ ಬಂದ ಮೇಲೆ ಪಟ್ಟಾಭಿಷೇಕದ ಅಧಿಕೃತ ಪದಕವನ್ನೂ ಹೊಸ ನಾಣ್ಯಗಳ ಮುಖವನ್ನೂ ಪಿಸ್ಟ್ರುಚ್ಚಿ ಮಾಡಿದ. ನಾಣ್ಯದ ಮೇಲಿನ ತನ್ನ ಉಬ್ಬಿದ ಮುಖ ದೊರೆಗೆ ಹಿಡಿಸಲಿಲ್ಲ. ಶಿಲ್ಪಿ ಫ್ರಾನ್ಸಿಸ್ ಚಾಂಟ್ರಿ ಮಾಡಿದ ಎದೆಶಿಲ್ಪವನ್ನು ನೋಡಿ ಹೊಸ ಅಚ್ಚು ಕೆತ್ತುವಂತೆ ಆಜ್ಞೆಯಾಯಿತು. ಬೇರೊಬ್ಬ ಕಲಾವಿದನ ಕೃತಿಯನ್ನು ತಾನು ನಕಲು ಮಾಡುವುದಿಲ್ಲವೆಂದು ಪಿಸ್ಟ್ರುಚ್ಚಿ ನಿರಾಕರಿಸಿದ. ವಿಲಿಯಂ ವಯಾನ್ ಕೆತ್ತಿಕೊಟ್ಟ. 1825ರಿಂದ ಸವರನ್ನಿನ ಹಿಂಬದಿಯಲ್ಲೂ ಸಂತ ಜಾರ್ಜನ ಬದಲು ಗುರಾಣಿ ಬಂತು. ಬೆನ್ನಿಗಿದ್ದ ಪೋಲ್ 1823ರಲ್ಲೇ ಟಂಕಸಾಲೆಯನ್ನು ಬಿಟ್ಟಿದ್ದ. ಕೊನೆಗೆ 1828ರಲ್ಲಿ ವಯಾನ್ ಮುಖ್ಯ ಕೆತ್ತನೆಗಾರನಾದ. ಪಿಸ್ಟ್ರುಚ್ಚಿಗಾಗಿ ಮುಖ್ಯ ಪದಕಕಾರ ಎಂಬ ಹೊಸ ಪದವಿ ಸೃಷ್ಟಿಸಿ ಸಂಬಳವನ್ನು 350 ಪೌಂಡಿಗೆ ಇಳಿಸಲಾಯಿತು.

ದೊರೆಯ ಆಜ್ಞೆಯನ್ನು ತಳ್ಳಿಹಾಕುವ ಅಧಿಕಾರ ಸಂಬಳದ ನೌಕರನಿಗೆ ಇರಲಿಲ್ಲ ಎನ್ನುವುದು ಆಡಳಿತದ ವಾದ, ಅದರಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಆದರೆ ಗೂಳಿತಲೆಯ ನಾಣ್ಯ ಕಲಿಸಿದ ಪಾಠವನ್ನು ಪಿಸ್ಟ್ರುಚ್ಚಿ ಮರೆತಿರಲಿಲ್ಲ. ಒಬ್ಬನ ಮಾದರಿಯನ್ನು ಇನ್ನೊಬ್ಬ ಕೆತ್ತಿದರೆ ಇಬ್ಬರ ಕೆಲಸವೂ ಕೆಡುತ್ತದೆಂಬುದನ್ನು ಅವನು ಅನುಭವದಿಂದ ಕಂಡಿದ್ದ. ಅವನ ನಿರಾಕರಣೆಯನ್ನು ಬರಿಯ ಅಹಂಕಾರವೆಂದು ಬರೆದವರು ಈ ಕಸುಬಿನ ಕಾರಣವನ್ನು ಗಮನಿಸಿಲ್ಲ.

ವಾಟರ್ಲೂ ಪದಕ

ವಾಟರ್ಲೂ ಯುದ್ಧದ ಗೆಲುವಿನ ನೆನಪಿಗೆ ಭವ್ಯವಾದ ಪದಕವೊಂದನ್ನು ಮಾಡಿಸಿ ಮಿತ್ರರಾಷ್ಟ್ರಗಳ ದೊರೆಗಳಿಗೂ ಸೇನಾಪತಿಗಳಿಗೂ ಕೊಡಬೇಕೆಂಬುದು ಮುಂದೆ ನಾಲ್ಕನೆಯ ಜಾರ್ಜ್ ಆದ, ಆಗ ಬ್ರಿಟನ್ನಿನ ರಾಜಪ್ರತಿನಿಧಿಯಾಗಿದ್ದ ಯುವರಾಜನ ಆಸೆಯಾಗಿತ್ತು. ಇದಕ್ಕೆ ಹೆಸರಾಂತ ಶಿಲ್ಪಿ ಜಾನ್ ಫ್ಲಾಕ್ಸ್‌ಮನ್ ಚಿತ್ರ ಬರೆದುಕೊಟ್ಟಿದ್ದ. ಅದನ್ನು ಕೆತ್ತಲು ಪಿಸ್ಟ್ರುಚ್ಚಿ ಒಪ್ಪಲಿಲ್ಲ. ತನ್ನದೇ ಕಲ್ಪನೆಯನ್ನು ಮುಂದಿಟ್ಟ. 1819ರಲ್ಲಿ 2,400 ಪೌಂಡಿಗೆ ಒಪ್ಪಂದವಾಯಿತು, ಕೆಲಸ ಮುಂದುವರಿದಂತೆ ಕಂತಿನಲ್ಲಿ ಹಣ.

ಅಡ್ಡಳತೆ 13 ಸೆಂಟಿಮೀಟರಿಗೂ ಹೆಚ್ಚು. ಒಂದು ಬದಿಯ ನಡುವೆ ನಾಲ್ವರು ಅರಸರ ಮುಖಗಳು ಒಂದರ ಹಿಂದೊಂದು: ಬ್ರಿಟನ್ನಿನ ರಾಜಪ್ರತಿನಿಧಿ, ಆಸ್ಟ್ರಿಯದ ಚಕ್ರವರ್ತಿ, ರಷ್ಯದ ತ್ಸಾರ್, ಪ್ರಷ್ಯದ ದೊರೆ. ಸುತ್ತಲ ಅಂಚಿನಲ್ಲಿ ಸೂರ್ಯರಥದ ಅಪೊಲೊ, ನ್ಯಾಯದೇವತೆ, ಹರ್ಕ್ಯುಲೀಸ್ ಮೊದಲಾದ ಪುರಾಣದ ಆಕೃತಿಗಳು. ಬಿರುಗಾಳಿಯ ನಂತರ ಬೆಳಕು ಹರಿಯಿತೆಂಬ ಸೂಚನೆ. ಇನ್ನೊಂದು ಬದಿಯಲ್ಲಿ ಬ್ರಿಟನ್ನಿನ ಸೇನಾಪತಿ ವೆಲಿಂಗ್ಟನ್ ಮತ್ತು ಪ್ರಷ್ಯದ ಸೇನಾಪತಿ ಬ್ಲೂಕರ್ ಪ್ರಾಚೀನ ಯೋಧರ ವೇಷದಲ್ಲಿ ಕುದುರೆಯ ಮೇಲಿದ್ದಾರೆ, ಅವರ ನಡುವೆ ವಿಜಯದೇವತೆ. ಅಂಚಿನಲ್ಲಿ ಜೂಪಿಟರನ ಸಿಡಿಲಿಗೆ ಸಿಕ್ಕಿ ಉರುಳುವ ಹತ್ತೊಂಬತ್ತು ದೈತ್ಯರು, ಯುದ್ಧದ ಒಂದೊಂದು ವರ್ಷಕ್ಕೆ ಒಬ್ಬೊಬ್ಬನಂತೆ. ಆ ಬಾಗಿದ ದೇಹಗಳ ರಾಶಿಯನ್ನು ಎಷ್ಟು ಹೊತ್ತು ನೋಡಿದರೂ ಒಬ್ಬನ ಸ್ನಾಯು ಇನ್ನೊಬ್ಬನಂತಿಲ್ಲ. ಪಿಸ್ಟ್ರುಚ್ಚಿಯ ಕೈಚಳಕದ ಶಿಖರ ಇದು.

ಕೆಲಸ ಮುಗಿಯಲಿಲ್ಲ. ಸಂಬಳದ ತಕರಾರು, ಪದವಿಯ ತಕರಾರು, ವಯಾನನ ಜೊತೆಗಿನ ತಕರಾರು ನಡೆದಷ್ಟು ಕಾಲವೂ ಉಕ್ಕಿನ ಅಚ್ಚು ಮೂಲೆ ಸೇರಿತ್ತು. ಪದಕ ಮುಗಿದ ದಿನ ತನ್ನನ್ನು ಟಂಕಸಾಲೆಯಿಂದ ಹೊರಹಾಕುತ್ತಾರೆಂಬ ಭಯವೂ ಅವನಿಗಿತ್ತೆಂದು ಚರಿತ್ರಕಾರರು ಊಹಿಸಿದ್ದಾರೆ. 1844ರಲ್ಲಿ, ಮುಂದೆ ಪ್ರಧಾನಿಯಾದ ಗ್ಲಾಡ್‌ಸ್ಟನ್ ಟಂಕಸಾಲೆಯ ಅಧಿಪತಿಯಾಗಿದ್ದಾಗ, ಉಳಿಕೆ ಹಣದ ವಿಚಾರ ಇತ್ಯರ್ಥವಾಗಿ ಪಿಸ್ಟ್ರುಚ್ಚಿ ಮತ್ತೆ ಉಳಿ ಹಿಡಿದ. 1849ರಲ್ಲಿ ಅಚ್ಚುಗಳನ್ನು ಒಪ್ಪಿಸಿದ. ಒಪ್ಪಂದವಾಗಿ ಮೂವತ್ತು ವರ್ಷ ಕಳೆದಿತ್ತು. ಪದಕ ಪಡೆಯಬೇಕಾಗಿದ್ದ ನಾಲ್ವರು ಅರಸರೂ ತೀರಿಕೊಂಡಿದ್ದರು, ಬ್ಲೂಕರ್ ಒಪ್ಪಂದದ ವರ್ಷವೇ ಸತ್ತಿದ್ದ; ಉಳಿದಿದ್ದವನು ವೆಲಿಂಗ್ಟನ್ ಒಬ್ಬನೇ.

ಇನ್ನೊಂದು ಕಷ್ಟ ಉಕ್ಕಿನದು. ಅಚ್ಚನ್ನು ಕೆತ್ತುವಾಗ ಉಕ್ಕು ಮೆತ್ತಗಿರಬೇಕು. ಒತ್ತಲು ತೊಡಗುವ ಮುನ್ನ ಕೆಂಪಗೆ ಕಾಯಿಸಿ ಒಮ್ಮೆಲೇ ತಣಿಸಿ ಗಡುಸು ಮಾಡಬೇಕು. ಆ ತಣಿಸುವ ಗಳಿಗೆಯಲ್ಲಿ ಅಚ್ಚು ಸೀಳುವ ಅಪಾಯ ಯಾವಾಗಲೂ ಇದ್ದದ್ದೇ, ಅಚ್ಚು ದೊಡ್ಡದಾದಷ್ಟೂ ಹೆಚ್ಚು. ಇಷ್ಟು ಅಗಲದ ಅಚ್ಚನ್ನು ಗಡುಸು ಮಾಡಲು ಟಂಕಸಾಲೆಯವರಿಗೆ ಧೈರ್ಯ ಬರಲಿಲ್ಲ. ಮೂವತ್ತು ವರ್ಷದ ಕೆಲಸವನ್ನು ಒಂದು ಕ್ಷಣದ ಮೇಲೆ ಪಣಕ್ಕಿಡುವವರು ಯಾರು? ಹಾಗಾಗಿ ವಾಟರ್ಲೂ ಪದಕ ಆ ಕಾಲದಲ್ಲಿ ಅಚ್ಚಾಗಲೇ ಇಲ್ಲ. ಮೆತ್ತನೆಯ ವಸ್ತುಗಳಲ್ಲಿ ತೆಗೆದ ಪಡಿಯಚ್ಚುಗಳೂ ವಿದ್ಯುತ್ತಿನ ಸಹಾಯದಿಂದ ತಾಮ್ರ ಕೂರಿಸಿ ಮಾಡಿದ ಪ್ರತಿಗಳೂ ಮಾತ್ರ ಜನರ ಕೈ ಸೇರಿದವು.

ಉಳಿದ ಕೆಲಸ ಮತ್ತು ಕೊನೆಯ ವರ್ಷಗಳು

ವಿಕ್ಟೋರಿಯಾ ರಾಣಿಯ 1838ರ ಪಟ್ಟಾಭಿಷೇಕದ ಪದಕ ಪಿಸ್ಟ್ರುಚ್ಚಿಯದೇ. ರಾಣಿಯ ಮುಖ ಸರಿಯಾಗಿ ಮೂಡಿಲ್ಲವೆಂದು ಅದಕ್ಕೆ ಕಟುವಾದ ಟೀಕೆ ಬಂತು. ಅದೇ ವರ್ಷ ಲ್ಯಾಂಕಾಸ್ಟರ್ ಡಚಿಯ ಬೆಳ್ಳಿ ಮುದ್ರೆಯನ್ನು ಹದಿನೈದೇ ದಿನದಲ್ಲಿ ಮಾಡಿಕೊಟ್ಟ. ಕಲಾವಿದನ ಮೇಣದ ಅಥವಾ ಮಣ್ಣಿನ ಮಾದರಿಯಿಂದ ನೇರವಾಗಿ ಲೋಹದಲ್ಲಿ ಅಚ್ಚು ಎರಕ ಹೊಯ್ಯುವ ವಿಧಾನವನ್ನು ತಾನು ಕಂಡುಹಿಡಿದಿದ್ದೇನೆಂದು ಸಾರಿದ. ಅದು ಹೊಸತಲ್ಲವೆಂದು ಎದುರಾಳಿಗಳು ಹೇಳಿದರು. ವಯಾನ್ ಪಕ್ಷ, ಪಿಸ್ಟ್ರುಚ್ಚಿ ಪಕ್ಷಗಳ ನಡುವೆ ಪತ್ರಿಕೆಗಳಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಪೋಪರ ಟಂಕಸಾಲೆಯಲ್ಲಿ ಮುಖ್ಯ ಕೆತ್ತನೆಗಾರನ ಹುದ್ದೆ ಸಿಕ್ಕಿ ರೋಮಿಗೆ ಮರಳಿದನಾದರೂ ಅಲ್ಲಿನ ಸಂಬಳ ಸಾಲದೆ ಕೆಲವೇ ತಿಂಗಳಲ್ಲಿ ಲಂಡನ್ನಿಗೆ ಹಿಂತಿರುಗಿದ. ಲಂಡನ್ ಕೊಡದ ಪದವಿಯನ್ನು ರೋಮ್ ಕೊಟ್ಟಿತ್ತು, ರೋಮ್ ಕೊಡದ ಸಂಬಳ ಲಂಡನ್ನಿನಲ್ಲಿತ್ತು.

ಟಂಕಸಾಲೆಯನ್ನು ಬಿಟ್ಟ ಮೇಲೆ ವಿಂಡ್ಸರಿನ ಹತ್ತಿರ ನೆಲೆಸಿ ಕ್ಯಾಮಿಯೊ ಕೆತ್ತುತ್ತ ಉಳಿದ. ಇಂಗಲ್‌ಫೀಲ್ಡ್ ಗ್ರೀನಿನಲ್ಲಿದ್ದ ಕೊನೆಯ ಮನೆಗೆ ಫ್ಲೋರಾ ಲಾಡ್ಜ್ ಎಂದು ಹೆಸರು. 1855ರ ಸೆಪ್ಟೆಂಬರ್ 16ರಂದು ಅಲ್ಲಿ ತೀರಿಕೊಂಡ. ಮಗ ಕಮಿಲ್ಲೊ ಶಿಲ್ಪಿಯಾದ. ಎಲೆನಾ ಮತ್ತು ಮರಿಯಾ ಎಲಿಸಾ ಎಂಬ ಹೆಣ್ಣುಮಕ್ಕಳು ರೋಮಿನಲ್ಲಿ ಕ್ಯಾಮಿಯೊ ಕೆತ್ತನೆಯನ್ನೇ ವೃತ್ತಿಯಾಗಿ ನಡೆಸಿದರು. ಅವನ ಮೇಣದ ಮಾದರಿಗಳ ದೊಡ್ಡ ಸಂಗ್ರಹ ಈಗ ರೋಮಿನ ಟಂಕಸಾಲೆಯ ವಸ್ತುಸಂಗ್ರಹಾಲಯದಲ್ಲಿದೆ. ಕೆಂಪು ಜಾಸ್ಪರಿನಲ್ಲಿ ಕೆತ್ತಿದ ಮೆಡೂಸಾಳ ತಲೆಯನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2019ರಲ್ಲಿ ಪಡೆದುಕೊಂಡಿತು.

ಸವರನ್ನಿನ ಮುಂದಿನ ಪಯಣ

ಪಿಸ್ಟ್ರುಚ್ಚಿ ಸತ್ತು ಹದಿನಾರು ವರ್ಷದ ಮೇಲೆ, 1871ರಲ್ಲಿ, ಸಂತ ಜಾರ್ಜ್ ಸವರನ್ನಿಗೆ ಮರಳಿದ. ಸಿಡ್ನಿ, ಮೆಲ್ಬರ್ನ್, ಪರ್ತ್, ಒಟ್ಟಾವ, ಪ್ರಿಟೋರಿಯಗಳ ಶಾಖಾ ಟಂಕಸಾಲೆಗಳಲ್ಲೂ ಅದೇ ಚಿತ್ರ ಅಚ್ಚಾಯಿತು. 1951ರ ಬ್ರಿಟನ್ ಉತ್ಸವದ ಕ್ರೌನ್ ಮೇಲೂ ಬಂತು. ನೆಲದ ಗೆರೆಯ ಬಳಿ ಬಿ.ಪಿ. ಎಂಬ ಎರಡು ಸಣ್ಣ ಅಕ್ಷರಗಳು ಇಂದಿಗೂ ಇವೆ.

ಭಾರತಕ್ಕೆ ಈ ನಾಣ್ಯ ಚೆನ್ನಾಗಿ ಪರಿಚಿತ. 1899ರ ಕಾನೂನು ಸವರನ್ನನ್ನು ಇಲ್ಲಿ ಹದಿನೈದು ರೂಪಾಯಿ ಲೆಕ್ಕದಲ್ಲಿ ಚಲಾವಣೆಯ ನಾಣ್ಯವಾಗಿ ಮಾನ್ಯ ಮಾಡಿತು. ಕೊಟ್ಟು ತಂದು ವ್ಯವಹಾರ ಮಾಡುವುದಕ್ಕಿಂತ ಕೂಡಿಡುವುದಕ್ಕೆ, ಕರಗಿಸಿ ಒಡವೆ ಮಾಡಿಸುವುದಕ್ಕೆ, ಸರದಲ್ಲಿ ಪೋಣಿಸುವುದಕ್ಕೆ ಜನ ಇದನ್ನು ಹೆಚ್ಚು ಬಳಸಿದರು. ಚಿನ್ನದ ಶುದ್ಧಿಯ ಬಗ್ಗೆ ಅನುಮಾನಪಡಬೇಕಿಲ್ಲ, ತೂಕದಲ್ಲಿ ಮೋಸವಿಲ್ಲ. ಕರಾವಳಿ ಕರ್ನಾಟಕದ ಚಿನ್ನದಂಗಡಿಗಳಲ್ಲಿ ಈಗಲೂ ಮದುವೆಯ ಒಡವೆಯನ್ನು ಪವನಿನ ಲೆಕ್ಕದಲ್ಲೇ ಮಾತಾಡುತ್ತಾರೆ. ಒಂದು ಪವನಿಗೆ ಎಂಟು ಗ್ರಾಂ, ಸವರನ್ನಿನ ತೂಕವನ್ನು ಪೂರ್ಣ ಸಂಖ್ಯೆಗೆ ಏರಿಸಿದ್ದು. ಪಿಸ್ಟ್ರುಚ್ಚಿಯ ಎದುರಾಳಿ ವಿಲಿಯಂ ವಯಾನನ ಕೆಲಸವೂ ಭಾರತಕ್ಕೆ ಬಂತು. ಈಸ್ಟ್ ಇಂಡಿಯಾ ಕಂಪನಿಯ 1840ರ ರೂಪಾಯಿಯ ಮೇಲಿನ ಎಳೆಯ ವಿಕ್ಟೋರಿಯಾಳ ಮುಖ ಅವನದು.

ಮೊದಲ ಮಹಾಯುದ್ಧದಲ್ಲಿ ಸಮುದ್ರದ ಮೇಲೆ ಚಿನ್ನ ಸಾಗಿಸುವುದು ಅಪಾಯಕರವಾದಾಗ ಬೊಂಬಾಯಿಯಲ್ಲಿ ರಾಜ ಟಂಕಸಾಲೆಯ ಶಾಖೆಯೊಂದನ್ನು ತೆರೆಯಲಾಯಿತು. 1918ರಲ್ಲಿ ಅಲ್ಲಿ ಸುಮಾರು 13 ಲಕ್ಷ ಸವರನ್ನುಗಳು ಅಚ್ಚಾದವು. ಕುದುರೆಯ ಕಾಲಡಿ, ಇಸವಿಯ ಮೇಲಿರುವ ಇಂಗ್ಲಿಷಿನ ಐ ಅಕ್ಷರ ಇಂಡಿಯಾದ ಗುರುತು. ಮರುವರ್ಷ ಶಾಖೆ ಮುಚ್ಚಿತು. ಮತ್ತೆ 2013ರಿಂದ ಬ್ರಿಟನ್ನಿನ ಟಂಕಸಾಲೆಯ ಪರವಾನಗಿಯಲ್ಲಿ ಎಂಎಂಟಿಸಿ-ಪ್ಯಾಂಪ್ ಸಂಸ್ಥೆ ಭಾರತದಲ್ಲಿ ಸವರನ್ ತಯಾರಿಸಲು ತೊಡಗಿತು; ಆ ನಾಣ್ಯಗಳ ಮೇಲೂ ಪಿಸ್ಟ್ರುಚ್ಚಿಯ ಚಿತ್ರದ ಜೊತೆಗೆ ಅದೇ ಐ ಅಕ್ಷರವಿದೆ.